ಉತ್ತರ ಗೊತ್ತಿತ್ತು, ಹುದ್ದೆ ಸಿಗಲಿಲ್ಲ: ಒಂದು ಫ್ರೆಶರ್ ಸಂದರ್ಶನದ ಪ್ರಕರಣ ಅಧ್ಯಯನ

ಇದು ಒಬ್ಬ ನಿರ್ದಿಷ್ಟ ಅಭ್ಯರ್ಥಿಯ ಕಥೆಯಲ್ಲ. ಬೆಂಗಳೂರಿನ ಸಣ್ಣ ಮತ್ತು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಗಳ ಫ್ರೆಶರ್ (ಅನುಭವವಿಲ್ಲದ ಹೊಸ ಪದವೀಧರರ) ಸಂದರ್ಶನಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಸಂದರ್ಶನದೊಳಗೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಇಲ್ಲಿನ ಪ್ರಶ್ನೆ, ಲೆಕ್ಕ, ತಪ್ಪುಗಳನ್ನು ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿ ಪರೀಕ್ಷಿಸಬಹುದು.

ಅಭ್ಯರ್ಥಿ ದಾವಣಗೆರೆಯ ಖಾಸಗಿ ಕಾಲೇಜೊಂದರಲ್ಲಿ 2020ರಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿ 2024ರಲ್ಲಿ ಬಿ.ಇ. ಮುಗಿಸಿದವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಒಟ್ಟು ಸರಾಸರಿ ಅಂಕ, 7.1. ಮೂರನೇ ಸೆಮಿಸ್ಟರಿನಲ್ಲಿ ಗಣಿತ ಉಳಿದಿತ್ತು, ಮುಂದಿನ ಪ್ರಯತ್ನದಲ್ಲಿ ಪಾಸಾಯಿತು. ಕ್ಯಾಂಪಸ್ಸಿಗೆ ಬಂದ ಕಂಪನಿಗಳಲ್ಲಿ ಆಯ್ಕೆಯಾಗದೆ ಆಫ್ ಕ್ಯಾಂಪಸ್ ಅರ್ಜಿ ಹಾಕಿದಳು. ಕಂಪನಿ ಸರಕು ಸಾಗಣೆಗೆ ತಂತ್ರಾಂಶ ಮಾಡುವಂಥದ್ದು, ಹುದ್ದೆ ಬ್ಯಾಕೆಂಡ್ (ಬಳಕೆದಾರರಿಗೆ ಕಾಣದ, ಸರ್ವರ್ ಕಡೆಯ ಕೋಡ್) ಟ್ರೇನಿ, ಭಾಷೆ ಜಾವಾ. ಆನ್‌ಲೈನ್ ಪರೀಕ್ಷೆ, ಒಂದು ಗಂಟೆಯ ತಾಂತ್ರಿಕ ಸಂದರ್ಶನ, ಕೊನೆಗೆ ಎಚ್‌ಆರ್, ಹೀಗೆ ಮೂರು ಸುತ್ತು. ಎರಡನೆಯ ಸುತ್ತಿನಲ್ಲಿ ಅವಳು ಹೊರಬಿದ್ದಳು. ಕೇಳಿದ ಪ್ರಶ್ನೆಗಳಲ್ಲಿ ಅವಳು ಓದದೇ ಇದ್ದದ್ದು ಒಂದೂ ಇರಲಿಲ್ಲ. ಹಾಗಾದರೆ ಆದದ್ದೇನು?

ಸಂದರ್ಶನಕ್ಕೂ ಮುಂಚೆ ಅರ್ಜಿಯಲ್ಲೇ ಒಂದು ತಪ್ಪಿತ್ತು. ಶೇಕಡಾವಾರು ಅಂಕ ಕೇಳಿದ ಜಾಗದಲ್ಲಿ ಅವಳು 7.1ನ್ನು ಹತ್ತರಿಂದ ಗುಣಿಸಿ 71 ಎಂದು ತುಂಬಿದ್ದಳು. ಅವಳದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್, ಅಂದರೆ ಪಠ್ಯ ಮತ್ತು ಅಂಕಗಳ ನಿಯಮ. ಅದರ ಸೂತ್ರದಲ್ಲಿ ಸಿಜಿಪಿಎಯಿಂದ 0.75 ಕಳೆದು ಉಳಿದದ್ದನ್ನು ಹತ್ತರಿಂದ ಗುಣಿಸಬೇಕು. ಹಾಗೆ ಮಾಡಿದರೆ ಬರುವುದು 63.5. ಕಂಪನಿಯ ಕಟ್ ಆಫ್ 60 ಇದ್ದುದರಿಂದ ಇಲ್ಲಿ ಅನಾಹುತವಾಗಲಿಲ್ಲ. ಅದೇ 6.6 ಇದ್ದವರು 66 ಎಂದು ತುಂಬಿದರೆ ನಿಜವಾದ ಅಂಕ 58.5. ಆಫರ್ ಕೈಗೆ ಬಂದ ಮೇಲೆ, ದಾಖಲೆ ಪರಿಶೀಲನೆಯ ಹೊತ್ತಿಗೆ, ಈ ವ್ಯತ್ಯಾಸ ಸುಳ್ಳು ಮಾಹಿತಿಯಾಗಿ ಕಾಣುತ್ತದೆ, ಆಫರ್ ರದ್ದಾಗಬಹುದು. ಸೂತ್ರ ಸ್ಕೀಮಿನಿಂದ ಸ್ಕೀಮಿಗೆ ಬದಲಾಗುತ್ತದೆ. ನಿಮ್ಮ ಸ್ಕೀಮಿನದನ್ನು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ನೋಡಿ, ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅಲ್ಲ. ಬ್ಯಾಕ್‌ಲಾಗ್, ಅಂದರೆ ಮೊದಲು ಉಳಿದು ಆಮೇಲೆ ಪಾಸಾದ ವಿಷಯದ ಬಗ್ಗೆಯೂ ಇದೇ ಮಾತು. ಈಗ ಬಾಕಿ ಇದೆಯೇ, ಹಿಂದೆ ಇತ್ತೇ ಎಂಬುವು ಎರಡು ಬೇರೆ ಪ್ರಶ್ನೆಗಳು. ಅರ್ಜಿ ಯಾವುದನ್ನು ಕೇಳುತ್ತಿದೆ ಎಂದು ಓದಿ ಉತ್ತರಿಸಬೇಕು.

ಆನ್‌ಲೈನ್ ಪರೀಕ್ಷೆ 90 ನಿಮಿಷದ್ದು. 20 ಬಹು ಆಯ್ಕೆಯ ಪ್ರಶ್ನೆ, ಎರಡು ಪ್ರೋಗ್ರಾಂ. ಮೊದಲನೆಯ ಪ್ರೋಗ್ರಾಮಿನಲ್ಲಿ ಎಲ್ಲ ಟೆಸ್ಟ್ ಕೇಸ್ (ಪ್ರೋಗ್ರಾಂ ಪರೀಕ್ಷಿಸಲು ಕೊಡುವ ಮಾದರಿಗಳು) ಪಾಸ್, ಎರಡನೆಯದರಲ್ಲಿ 10ಕ್ಕೆ 7. ಉಳಿದ ಮೂರು ಟೈಮ್‌ಔಟ್, ಅಂದರೆ ಕೊಟ್ಟ ಸಮಯದೊಳಗೆ ಪ್ರೋಗ್ರಾಂ ಮುಗಿಯಲಿಲ್ಲ. ಶಾರ್ಟ್‌ಲಿಸ್ಟ್ ಆಗಲು ಇಷ್ಟು ಸಾಕಾಯಿತು. ಆದರೆ ಆ ಮೂರು ಟೈಮ್‌ಔಟ್ ಯಾಕಾದವು ಎಂದು ಅವಳು ಮತ್ತೆ ತಿರುಗಿ ನೋಡಲಿಲ್ಲ. ಸಂದರ್ಶಕನ ಮುಂದೆ ಪರೀಕ್ಷೆಯ ಕೋಡ್ ತೆರೆದಿರಬಹುದು, ಪ್ರಶ್ನೆ ಅಲ್ಲಿಂದಲೂ ಹುಟ್ಟಬಹುದು. ಪರೀಕ್ಷೆ ಮುಗಿದ ದಿನವೇ ಎರಡೂ ಪ್ರಶ್ನೆಗಳನ್ನು ನೆನಪಿನಿಂದ ಬರೆದಿಟ್ಟು ಪೂರ್ತಿ ಬಿಡಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ತಯಾರಿ.

ಮೊದಲ ಇಪ್ಪತ್ತು ನಿಮಿಷ

ಪರಿಚಯ ಹೇಳಿ ಎಂದಾಗ ಊರು, ತಂದೆ ತಾಯಿಯ ಉದ್ಯೋಗ, ಹವ್ಯಾಸ, ತನ್ನ ಶಕ್ತಿ, ತನ್ನ ದೌರ್ಬಲ್ಯ ಎಂದು ಬಾಯಿಪಾಠ ಮಾಡಿದ ಮೂರು ನಿಮಿಷದ ಭಾಷಣ ಬಂತು. ತಾಂತ್ರಿಕ ಸುತ್ತಿನಲ್ಲಿ ಇದಕ್ಕೆ ಬೆಲೆಯಿಲ್ಲ. ಒಂದು, ಒಂದೂವರೆ ನಿಮಿಷದಲ್ಲಿ ಓದು, ಹೆಚ್ಚು ಬಳಸಿದ ಭಾಷೆ, ತಾನೇ ಕಟ್ಟಿದ ಒಂದು ವಸ್ತು, ಅದರಲ್ಲಿ ಕಷ್ಟವೆನಿಸಿದ ಒಂದು ಭಾಗ ಇಷ್ಟನ್ನು ಹೇಳಿದರೆ ಸಂದರ್ಶಕ ಸಾಮಾನ್ಯವಾಗಿ ಆ ಕಷ್ಟದ ಭಾಗವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತಾನೆ. ಚರ್ಚೆ ಎತ್ತ ಸಾಗಬೇಕೆಂದು ಅಭ್ಯರ್ಥಿಯೇ ತಿರುಗಿಸಬಹುದಾದ ಅಪರೂಪದ ಗಳಿಗೆ ಅದು.

ನಂತರ ಪ್ರಾಜೆಕ್ಟ್. ರೆಸ್ಯೂಮೆಯಲ್ಲಿ ಇದ್ದ ಸಾಲು: ಎಲೆಯ ಚಿತ್ರದಿಂದ ಬೆಳೆ ರೋಗ ಪತ್ತೆ, ನಿಖರತೆ 98%. ನಾಲ್ವರ ತಂಡ. ಬಳಸಿದ್ದು ಪ್ಲಾಂಟ್‌ವಿಲೇಜ್ ದತ್ತಾಂಶ, ಅಂದರೆ 14 ಬೆಳೆಗಳ, 38 ವರ್ಗಗಳ, 54,306 ಚಿತ್ರಗಳ ಸಂಗ್ರಹ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಪ್ರಾಜೆಕ್ಟ್ ಎಷ್ಟು ಸಾಮಾನ್ಯವೆಂದರೆ ಸಂದರ್ಶಕರಿಗೆ ಅದರ ದುರ್ಬಲ ಜಾಗಗಳು ಮೊದಲೇ ಗೊತ್ತಿರುತ್ತವೆ. ಮೂರು ಪ್ರಶ್ನೆ ಬಂದವು.

ಒಂದು, ತರಬೇತಿಗೆ ಮತ್ತು ಪರೀಕ್ಷೆಗೆ ಚಿತ್ರಗಳನ್ನು ಹೇಗೆ ಬೇರ್ಪಡಿಸಿದಿರಿ? 80-20 ಎಂದಳು, ಅಂದರೆ ನೂರಕ್ಕೆ 80 ತರಬೇತಿಗೆ, 20 ಪರೀಕ್ಷೆಗೆ. ಒಂದೇ ಎಲೆಯನ್ನು ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳು ಈ ಸಂಗ್ರಹದಲ್ಲಿವೆ, ಅವು ಎರಡೂ ಕಡೆ ಸೇರಿಕೊಂಡರೆ ಮೊದಲೇ ನೋಡಿದ ಎಲೆಯನ್ನೇ ಗುರುತಿಸಿದಂತೆ, ಆಗ 98% ಎಂಬುದಕ್ಕೆ ಏನರ್ಥ ಎಂದು ಮರುಪ್ರಶ್ನೆ. ಉತ್ತರವಿಲ್ಲ. ಎರಡು, ಹೊಲದಲ್ಲಿ ತೆಗೆದ ಚಿತ್ರ ಕೊಟ್ಟರೆ ಏನಾಗುತ್ತದೆ? ಈ ಸಂಗ್ರಹದ ಎಲೆಗಳನ್ನು ಕಿತ್ತು ಒಂದೇ ಬಗೆಯ ಹಿನ್ನೆಲೆಯ ಮೇಲೆ ಇಟ್ಟು ತೆಗೆಯಲಾಗಿದೆ. ಮಣ್ಣು, ನೆರಳು, ಪಕ್ಕದ ಎಲೆ ಎಲ್ಲ ಇರುವ ಚಿತ್ರದಲ್ಲಿ ನಿಖರತೆ ತೀವ್ರವಾಗಿ ಕುಸಿಯುತ್ತದೆ. ಅವಳು ಪ್ರಯತ್ನಿಸಿ ನೋಡಿರಲಿಲ್ಲ. ಮೂರು, ಇದರಲ್ಲಿ ನೀವು ಮಾಡಿದ್ದೇನು? ಉತ್ತರದ ತುಂಬ ‘ನಾವು’ ಇತ್ತು. ನಾವು ಮಾಡೆಲ್ ತರಬೇತಿ ಮಾಡಿದೆವು, ನಾವು ಡಿಪ್ಲಾಯ್ ಮಾಡಿದೆವು.

ನಿಜವಾಗಿ ಅವಳು ಚಿತ್ರ ಅಪ್‌ಲೋಡ್ ಮಾಡುವ ಪುಟ, ಅದರ ಹಿಂದೆ ಕೆಲಸ ಮಾಡುವ ಎಪಿಐ (ಪುಟಕ್ಕೂ ಸರ್ವರಿಗೂ ನಡುವಿನ ಕೊಂಡಿ), ಫಲಿತಾಂಶ ಉಳಿಸುವ ಡೇಟಾಬೇಸ್ ಟೇಬಲ್ ಇಷ್ಟನ್ನು ಒಬ್ಬಳೇ ಬರೆದಿದ್ದಳು. ಬ್ಯಾಕೆಂಡ್ ಹುದ್ದೆಗೆ ಬೇಕಾದದ್ದು ಅದೇ! ದೊಡ್ಡ ಚಿತ್ರ ಬಂದಾಗ ಸರ್ವರ್ ಎಷ್ಟು ಎಂಬಿಗೆ ಮಿತಿ ಹಾಕಿತು, ಮಾಡೆಲ್ ಉತ್ತರಿಸಲು ತಡವಾದಾಗ ಬಳಕೆದಾರರಿಗೆ ಏನು ಕಾಣಿಸಿತು ಎಂಬುದನ್ನು ಅವಳು ವಿವರಿಸಬಲ್ಲವಳಾಗಿದ್ದಳು. ಹೇಳಲಿಲ್ಲ, ಏಕೆಂದರೆ ಕಾಲೇಜಿನ ವೈವಾದಲ್ಲಿ ಮಾಡೆಲ್ ಬಗ್ಗೆ ಮಾತಾಡಿದರೆ ಅಂಕ, ವೆಬ್ ಪುಟದ ಬಗ್ಗೆ ಮಾತಾಡಿದರೆ ಅಂಕವಿಲ್ಲ. ವೈವಾದ ಅಭ್ಯಾಸ ಸಂದರ್ಶನಕ್ಕೂ ಬಂತು. ರೆಸ್ಯೂಮೆಯಲ್ಲಿ 98% ಎಂದು ಬರೆಯುವ ಬದಲು ‘ನಾಲ್ವರ ತಂಡದಲ್ಲಿ ಅಪ್‌ಲೋಡ್ ಎಪಿಐ ಮತ್ತು ಡೇಟಾಬೇಸ್ ನನ್ನ ಪಾಲು’ ಎಂದು ಬರೆದಿದ್ದರೆ ಆ ಹದಿನೈದು ನಿಮಿಷ ಅವಳ ಕೈಯಲ್ಲಿರುತ್ತಿತ್ತು.

ಕೋಡಿಂಗ್: ಇಪ್ಪತ್ತೈದು ನಿಮಿಷದಲ್ಲಿ ನಡೆದದ್ದು

ಪ್ರಶ್ನೆ ಸರಳ. ಆರ್ಡರ್‌ಗಳ ಮೊತ್ತಗಳ ಪಟ್ಟಿ ಇದೆ, ಕೆ ಎಂಬ ಒಂದು ಸಂಖ್ಯೆ ಇದೆ. ಯಾವ ಎರಡು ಆರ್ಡರ್ ಕೂಡಿದರೆ ಕೆ ಬರುತ್ತದೋ ಅಂಥ ಜೋಡಿಗಳು ಎಷ್ಟು? ಬರೆಯಬೇಕಾದದ್ದು ಇಬ್ಬರಿಗೂ ಕಾಣುವ ಖಾಲಿ ಡಾಕ್ಯುಮೆಂಟಿನಲ್ಲಿ. ರನ್ ಬಟನ್ ಇಲ್ಲ.

ಅವಳು ಪ್ರಶ್ನೆ ಓದಿ ‘ಓಕೆ ಸರ್’ ಎಂದು ಬರೆಯತೊಡಗಿದಳು. ಹನ್ನೊಂದು ನಿಮಿಷ ಒಂದು ಮಾತಿಲ್ಲ. ಕೊನೆಗೆ ಪ್ರತಿ ಮೊತ್ತವನ್ನೂ ಉಳಿದವುಗಳೊಂದಿಗೆ ಹೋಲಿಸುವ, ಒಂದರೊಳಗೊಂದು ಎರಡು ಲೂಪ್ ಇರುವ ಸರಿಯಾದ ಪ್ರೋಗ್ರಾಂ ಸಿದ್ಧವಾಯಿತು. ಸರಿಯಾದದ್ದೇ, ಆದರೆ ಪಟ್ಟಿಯಲ್ಲಿ 1 ಲಕ್ಷ ಮೊತ್ತಗಳಿದ್ದರೆ ಎರಡು ಲೂಪ್ ಸುಮಾರು 500 ಕೋಟಿ ಸಲ ಹೋಲಿಸುತ್ತದೆ. ಸೆಕೆಂಡಿಗೆ ಹತ್ತು ಕೋಟಿ ಸರಳ ಕೆಲಸ ಎಂಬ ಒರಟು ಅಂದಾಜಿನಲ್ಲಿ ಐವತ್ತು ಸೆಕೆಂಡು. ಆನ್‌ಲೈನ್ ಪರೀಕ್ಷೆಯ ಮೂರು ಟೈಮ್‌ಔಟ್‌ಗಳ ಕಾರಣವೂ ಇದೇ ಆಗಿತ್ತು.

ಇನ್ನೂ ವೇಗವಾಗಿ ಮಾಡಬಹುದೇ ಎಂದು ಸಂದರ್ಶಕ ಕೇಳಿದ. ಕ್ಷಣವೂ ತಡವಿಲ್ಲದೆ ಅವಳು ಎಲ್ಲವನ್ನೂ ಅಳಿಸಿ ಹ್ಯಾಶ್‌ಸೆಟ್ (ಒಂದು ಸಂಖ್ಯೆ ಒಳಗಿದೆಯೇ ಎಂದು ತಕ್ಷಣ ಹೇಳುವ ಸಂಗ್ರಹ) ಬಳಸಿದ ಹೊಸ ಪ್ರೋಗ್ರಾಂ ಬರೆದಳು. ಕೋಡಿಂಗ್ ಅಭ್ಯಾಸದ ತಾಣವಾದ ಲೀಟ್‌ಕೋಡಿನಲ್ಲಿ ‘ಟು ಸಮ್’ ಎಂಬ ಪ್ರಶ್ನೆ ಬಿಡಿಸಿದವರೆಲ್ಲರ ಬೆರಳಿಗೆ ಬಂದಿರುವ ರೂಪ ಅದು: ಪ್ರತಿ ಸಂಖ್ಯೆಗೂ, ಕೆ ಇಂದ ಅದನ್ನು ಕಳೆದದ್ದು ಸೆಟ್ಟಿನಲ್ಲಿ ಇದೆಯೇ ನೋಡು, ಇದ್ದರೆ ಎಣಿಕೆಗೆ ಒಂದು ಸೇರಿಸು, ಆಮೇಲೆ ಈ ಸಂಖ್ಯೆಯನ್ನು ಸೆಟ್ಟಿಗೆ ಹಾಕು. ಮೊದಲು ಹನ್ನೊಂದು ನಿಮಿಷ ಮೌನ, ಈಗ ಎರಡೇ ನಿಮಿಷದಲ್ಲಿ ಉತ್ತರ. ಇದು ಯೋಚಿಸಿ ಬಂದದ್ದೋ ನೆನಪಿನಿಂದ ಬಂದದ್ದೋ ಎಂಬ ಅನುಮಾನ ಸಂದರ್ಶಕನಿಗೆ ಹುಟ್ಟಿದ್ದು ಇಲ್ಲಿ.

ಅವನು ಒಂದು ಪಟ್ಟಿ ಕೊಟ್ಟ: 3, 3, 3. ಕೆ 6. ಜೋಡಿಗಳು ಮೂರು. ಆದರೆ ಅವಳ ಪ್ರೋಗ್ರಾಂ ಎರಡು ಎನ್ನುತ್ತದೆ, ಏಕೆಂದರೆ ಸೆಟ್ ಒಂದು ಸಂಖ್ಯೆಯನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ. ಮೂರನೆಯ 3 ಬಂದಾಗ ಹಿಂದೆ ಎರಡು 3 ಇದ್ದವು ಎಂಬುದು ಅದಕ್ಕೆ ಗೊತ್ತಿಲ್ಲ. ಇಲ್ಲಿ ನಿಂತು, ಈ ಕಾರಣವನ್ನು ಬಾಯಲ್ಲಿ ಹೇಳಿದ್ದರೆ ಸಂದರ್ಶನ ಅಲ್ಲೇ ಗೆದ್ದಂತೆ. ಅವಳು ಗಾಬರಿಯಾಗಿ ಸಾಲುಗಳನ್ನು ಅದಲು ಬದಲು ಮಾಡಿದಳು: ಮೊದಲು ಸೆಟ್ಟಿಗೆ ಹಾಕು, ಆಮೇಲೆ ಹುಡುಕು. ಈಗ ಪ್ರತಿ 3ಕ್ಕೂ ತಾನೇ ಜೋಡಿಯಾಗಿ ಸಿಗುತ್ತದೆ, ಎಣಿಕೆ 1, 2, 3. ಉತ್ತರ ಮೂರು! ‘ಈಗ ಸರಿಯಾಯಿತು ಸರ್’ ಎಂದಳು.

ಸಂದರ್ಶಕ 3, 5 ಕೊಟ್ಟ, ಕೆ ಮತ್ತೆ 6. ಜೋಡಿ ಒಂದೂ ಇಲ್ಲ. ಪ್ರೋಗ್ರಾಂ ಒಂದು ಎನ್ನುತ್ತದೆ, ಏಕೆಂದರೆ ಒಂಟಿ 3 ತನ್ನೊಂದಿಗೆ ತಾನೇ ಜೋಡಿಯಾಗಿದೆ. ಅಲ್ಲಿಂದ ಮುಂದೆ ಅವಳ ಮಾತು ‘ಸಾರಿ ಸರ್’ ಅಷ್ಟೇ.

ಸರಿಯಾದ ದಾರಿ ಹೆಚ್ಚೇನೂ ದೂರವಿರಲಿಲ್ಲ. ಸೆಟ್ ಬದಲು ಹ್ಯಾಶ್‌ಮ್ಯಾಪ್ ತೆಗೆದುಕೊಂಡು ಪ್ರತಿ ಮೊತ್ತ ಇದುವರೆಗೆ ಎಷ್ಟು ಸಲ ಬಂದಿದೆ ಎಂದು ಇಟ್ಟುಕೊಳ್ಳಬೇಕು. ಹೊಸ ಸಂಖ್ಯೆ ಬಂದಾಗ ಮೊದಲು ಅದರ ಜೊತೆಗಾರ ಎಷ್ಟು ಸಲ ಬಂದಿದೆಯೋ ಅಷ್ಟನ್ನು ಎಣಿಕೆಗೆ ಸೇರಿಸಬೇಕು, ಆಮೇಲೆ ಈ ಸಂಖ್ಯೆಯ ಲೆಕ್ಕ ಒಂದು ಹೆಚ್ಚಿಸಬೇಕು. 3, 3, 3ಕ್ಕೆ 0, 1, 2 ಸೇರಿ ಮೂರು. 3, 5ಕ್ಕೆ ಸೊನ್ನೆ. ಪಟ್ಟಿಯ ಮೇಲೆ ಒಂದೇ ಓಟ.

ಇಷ್ಟರ ಮೇಲೂ ಒಂದು ಗುಂಡಿ ಉಳಿದಿದೆ, ಒಳ್ಳೆಯ ಅಭ್ಯರ್ಥಿಗಳೂ ಬೀಳುವಂಥದ್ದು. 1 ಲಕ್ಷ ಮೊತ್ತಗಳೂ 3 ಆಗಿದ್ದು ಕೆ 6 ಆಗಿದ್ದರೆ ಜೋಡಿಗಳು 4,99,99,50,000. ಜಾವಾದ ಇಂಟ್ ಎಂಬ ಪೂರ್ಣಾಂಕದ ಬಗೆ ಹಿಡಿಯುವುದು 2,14,74,83,647ರವರೆಗೆ ಮಾತ್ರ. ಎಣಿಕೆಯನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್‌ನಲ್ಲಿ ಇಡದಿದ್ದರೆ ದೋಷದ ಸಂದೇಶವೂ ಬರುವುದಿಲ್ಲ, ಸುಮ್ಮನೆ ತಪ್ಪು ಸಂಖ್ಯೆ ಬರುತ್ತದೆ. ಕೇಳುವ ಮೊದಲೇ ಇದನ್ನು ಎತ್ತಿ ಹೇಳುವ ಫ್ರೆಶರ್ ಸಂದರ್ಶಕನ ನೆನಪಿನಲ್ಲಿ ಉಳಿಯುತ್ತಾನೆ.

ಇಲ್ಲಿ ಕೆಟ್ಟದ್ದು ಪ್ರೋಗ್ರಾಂ ಬರೆಯುವ ಮೊದಲ ಎರಡು ನಿಮಿಷದಲ್ಲೇ ಕೆಟ್ಟಿತ್ತು. ‘ಕ್ಯಾನ್ ದ ನಂಬರ್ಸ್ ರಿಪೀಟ್? ಹೌ ಲಾರ್ಜ್ ಕ್ಯಾನ್ ದ ಲಿಸ್ಟ್ ಬಿ?’ ಎಂಬ ಎರಡು ಸಣ್ಣ ಪ್ರಶ್ನೆ ಕೇಳಿದ್ದರೆ ಒಂದೇ ಸಂಖ್ಯೆ ಮತ್ತೆ ಬರುವುದೂ, ಎರಡು ಲೂಪ್ ಸಾಲದೆಂಬುದೂ ಆಗಲೇ ಮೇಜಿನ ಮೇಲಿರುತ್ತಿದ್ದವು. ಆಮೇಲೆ ‘ಎರಡು ಲೂಪ್‌ನಿಂದ ಆಗುತ್ತದೆ, ಆದರೆ ನಿಧಾನ. ಹಿಂದೆ ನೋಡಿದ್ದನ್ನು ಮ್ಯಾಪಿನಲ್ಲಿ ಇಟ್ಟುಕೊಂಡರೆ ವೇಗವಾಗುತ್ತದೆ, ಬದಲಿಗೆ ಮೆಮೊರಿ ಹೆಚ್ಚು ಬೇಕು. ಯಾವುದನ್ನು ಬರೆಯಲಿ?’ ಎಂದರೆ ಕೋಡಿನ ಒಂದು ಸಾಲೂ ಬರೆಯುವ ಮೊದಲೇ ಅರ್ಧ ಅಂಕ ಸಿಕ್ಕಿರುತ್ತದೆ. ಬರೆದು ಮುಗಿಸಿದ ಮೇಲೆ ಸಂದರ್ಶಕ ಹೇಳುವವರೆಗೆ ಕಾಯದೆ ತಾನೇ ಒಂದು ಖಾಲಿ ಪಟ್ಟಿ, ಒಂದೇ ಸಂಖ್ಯೆಯ ಪಟ್ಟಿ, ಎಲ್ಲವೂ ಒಂದೇ ಆಗಿರುವ ಪಟ್ಟಿ ಇಟ್ಟು ಸಾಲು ಸಾಲಾಗಿ ನಡೆಸಿ ತೋರಿಸಬೇಕು. ಅವಳ ಎರಡೂ ತಪ್ಪುಗಳು ಆ ಮೂರು ಪಟ್ಟಿಗಳಲ್ಲಿಯೇ ಸಿಕ್ಕಿಬೀಳುತ್ತಿದ್ದವು.

ಮೌನಕ್ಕೆ ಕಾರಣ ಇಂಗ್ಲಿಷ್. ಅವಳು ಕನ್ನಡದಲ್ಲಿ ಯೋಚಿಸುತ್ತಿದ್ದಳು, ಬಾಯಿ ಬಿಡುವ ಮೊದಲು ಪೂರ್ತಿ ವಾಕ್ಯವನ್ನು ವ್ಯಾಕರಣಬದ್ಧವಾಗಿ ಕಟ್ಟಿಕೊಳ್ಳಲು ಹೋಗುತ್ತಿದ್ದಳು. ತಾಂತ್ರಿಕ ಸುತ್ತಿನಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಕಳೆಯುವುದಿಲ್ಲ. ‘ಫಸ್ಟ್ ಐ ಚೆಕ್ ಮ್ಯಾಪ್, ದೆನ್ ಐ ಆಡ್’ ಎಂಬ ಮುರುಕು ವಾಕ್ಯ ಸಾಕು, ಅದರಲ್ಲಿ ತರ್ಕ ಪೂರ್ತಿ ಇದೆ. ಸಂದರ್ಶಕನಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದರೆ ನಡುನಡುವೆ ಕನ್ನಡದಲ್ಲಿ ವಿವರಿಸಲೇ ಎಂದು ಕೇಳುವುದರಲ್ಲೂ ತಪ್ಪಿಲ್ಲ, ಬೆಂಗಳೂರಿನಲ್ಲಿ ಒಪ್ಪುವವರು ಇದ್ದಾರೆ. ಸಮಯ ಬೇಕಿದ್ದರೆ ‘ಗಿವ್ ಮಿ ಟು ಮಿನಿಟ್ಸ್ ಟು ಥಿಂಕ್’ ಎಂದು ಹೇಳಿ ಸುಮ್ಮನಿರಿ. ಹೇಳಿ ಸುಮ್ಮನಿರುವುದನ್ನು ಯೋಚನೆ ಎಂದುಕೊಳ್ಳುತ್ತಾರೆ, ಹೇಳದೆ ಸುಮ್ಮನಿರುವುದನ್ನು ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ವೀಡಿಯೊ ಸಂದರ್ಶನದಲ್ಲಾದರೆ ಇನ್ನೂ ಕೆಟ್ಟದ್ದು: ಬೇರೆ ಪರದೆಯಲ್ಲಿ ಎಐ ಉತ್ತರ ಓದುತ್ತಿದ್ದಾರೆ ಎಂಬ ಸಂಶಯ.

ಉಳಿದ ಹದಿನೈದು ನಿಮಿಷ

ಮುಂದಿನದು ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ: ಗ್ರಾಹಕರ ಟೇಬಲ್ ಒಂದು, ಆರ್ಡರ್‌ಗಳ ಟೇಬಲ್ ಒಂದು. ಒಂದೂ ಆರ್ಡರ್ ಮಾಡದ ಗ್ರಾಹಕರನ್ನು ಪಟ್ಟಿ ಮಾಡಿ. ಅವಳು ‘ನಾಟ್ ಇನ್’ ಬಳಸಿದಳು: ಯಾರ ಸಂಖ್ಯೆ ಆರ್ಡರ್ ಟೇಬಲ್ಲಿನ ಗ್ರಾಹಕ ಸಂಖ್ಯೆಗಳಲ್ಲಿ ಇಲ್ಲವೋ ಅವರು. ಉತ್ತರ ಬರುತ್ತದೆ. ಆದರೆ ಆರ್ಡರ್ ಟೇಬಲ್ಲಿನ ಆ ಕಾಲಂನಲ್ಲಿ ಒಂದೇ ಒಂದು ನಲ್ (ಮೌಲ್ಯ ತುಂಬದ ಖಾಲಿ ಜಾಗ) ಇದ್ದರೂ ಫಲಿತಾಂಶ ಪೂರ್ತಿ ಖಾಲಿ, ಏಕೆಂದರೆ ನಲ್ ಜೊತೆಗಿನ ಹೋಲಿಕೆಗೆ ಹೌದು, ಅಲ್ಲ ಎರಡೂ ಅಲ್ಲದ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ‘ನಾಟ್ ಎಕ್ಸಿಸ್ಟ್ಸ್’ ಬಳಸಬಹುದು, ಅಥವಾ ಲೆಫ್ಟ್ ಜಾಯಿನ್ ಮಾಡಿ (ಎಲ್ಲ ಗ್ರಾಹಕರನ್ನೂ ಉಳಿಸಿಕೊಂಡು ಆರ್ಡರ್ ಟೇಬಲ್ ಜೋಡಿಸಿ) ಆರ್ಡರ್ ಸಂಖ್ಯೆ ನಲ್ ಇರುವ ಸಾಲುಗಳನ್ನು ಆರಿಸಬಹುದು. ಮುಂದಿನ ಪ್ರಶ್ನೆ ಸಾಮಾನ್ಯವಾಗಿ ‘ಕಳೆದ ತಿಂಗಳು ಆರ್ಡರ್ ಮಾಡದವರು’ ಎಂದಿರುತ್ತದೆ. ಆಗ ಲೆಫ್ಟ್ ಜಾಯಿನ್ ಬಳಸಿದರೆ ದಿನಾಂಕದ ಷರತ್ತು ಟೇಬಲ್‌ಗಳನ್ನು ಜೋಡಿಸುವ ಆನ್ ಭಾಗದಲ್ಲಿರಬೇಕು. ಅದನ್ನು ಆಮೇಲೆ ಸಾಲುಗಳನ್ನು ಸೋಸುವ ವೇರ್‌ಗೆ ಹಾಕಿದರೆ, ಆರ್ಡರ್ ಇಲ್ಲದ ಗ್ರಾಹಕರ ಸಾಲಿನಲ್ಲಿ ದಿನಾಂಕ ನಲ್ ಆದ್ದರಿಂದ, ನಮಗೆ ಬೇಕಾದವರೇ ಉದುರಿಹೋಗುತ್ತಾರೆ.

ಜಾವಾದಲ್ಲಿ ಎರಡು ಇಂಟಿಜರ್ ವಸ್ತುಗಳನ್ನು ಎರಡು ಸಮಚಿಹ್ನೆಯಿಂದ (==) ಹೋಲಿಸಿದರೆ 127ಕ್ಕೆ ಹೌದು, 128ಕ್ಕೆ ಅಲ್ಲ ಎಂದು ಬರುವುದೇಕೆ ಎಂದು ಕೇಳಿದರು. −128ರಿಂದ 127ರವರೆಗಿನ ವಸ್ತುಗಳನ್ನು ಜಾವಾ ಮೊದಲೇ ಮಾಡಿಟ್ಟು ಮರುಬಳಸುತ್ತದೆ, ಅದರಾಚೆ ಸಾಮಾನ್ಯವಾಗಿ ಪ್ರತಿ ಸಲ ಹೊಸ ವಸ್ತು ಹುಟ್ಟುತ್ತದೆ. ಎರಡು ಸಮಚಿಹ್ನೆ ನೋಡುವುದು ಎರಡೂ ಒಂದೇ ವಸ್ತುವೇ ಎಂದು, ಮೌಲ್ಯ ಹೋಲಿಸಲು ಈಕ್ವಲ್ಸ್ ಬೇಕು. ಇದಕ್ಕೆ ಅವಳು ಸರಿಯಾಗಿ ಉತ್ತರಿಸಿದಳು. ಕೊನೆಗೆ ‘ನಿಮಗೇನಾದರೂ ಕೇಳಬೇಕಿದೆಯೇ’ ಎಂದಾಗ ‘ನೋ ಸರ್’.

ಸಂದರ್ಶಕ ತುಂಬುವ ಸ್ಕೋರ್‌ಕಾರ್ಡಿನಲ್ಲಿ ಸಮಸ್ಯೆ ಬಿಡಿಸುವ ರೀತಿ, ಕೋಡ್, ಮೂಲಪಾಠ, ಪ್ರಾಜೆಕ್ಟ್, ಸಂವಹನ ಎಂಬ ಅಂಕಣಗಳಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಪುರಾವೆ ಬರೆಯಬೇಕು. ಅಭ್ಯರ್ಥಿಗೆ ಗೊತ್ತಿರುವುದನ್ನು ಅಲ್ಲಿ ಬರೆಯಲಾಗುವುದಿಲ್ಲ, ಅವಳು ಹೇಳಿದ್ದನ್ನು ಮತ್ತು ಮಾಡಿದ್ದನ್ನು ಮಾತ್ರ ಬರೆಯಬಹುದು. ಮೂಲಪಾಠಕ್ಕೆ ಒಳ್ಳೆಯ ಅಂಕ ಬಿತ್ತು. ಉಳಿದ ಕಡೆ ಬರೆದದ್ದು: ಬಾಯಿಪಾಠ ಇರಬಹುದು, ತನ್ನ ಕೆಲಸ ಯಾವುದೆಂದು ಸ್ಪಷ್ಟವಿಲ್ಲ, ಪರೀಕ್ಷಿಸದೆ ಸರಿ ಎಂದಳು. ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಟ್ರೇನಿಗೆ ಎಲ್ಲ ಗೊತ್ತಿರಬೇಕೆಂದು ಯಾರೂ ಬಯಸುವುದಿಲ್ಲ, ಆದರೆ ಅರ್ಥವಾಗದ ಬದಲಾವಣೆಯನ್ನು ‘ಸರಿಯಾಯಿತು’ ಎಂದು ಒಪ್ಪಿಸುವವರನ್ನು ತಂಡಕ್ಕೆ ಸೇರಿಸಿಕೊಳ್ಳಲು ಹೆದರುತ್ತಾರೆ.

ಆರು ವಾರ, ಮತ್ತೊಂದು ಸಂದರ್ಶನ

ತಯಾರಿಯ ಪಠ್ಯ ಬದಲಾಗಲಿಲ್ಲ, ವಿಧಾನ ಬದಲಾಯಿತು. ದಿನಕ್ಕೆ ಐದಾರು ಪ್ರಶ್ನೆ ಬಿಡಿಸುತ್ತಿದ್ದವಳು ಎರಡಕ್ಕೆ ಇಳಿದಳು. ಆದರೆ ಎರಡನ್ನೂ ಖಾಲಿ ಡಾಕ್ಯುಮೆಂಟಿನಲ್ಲಿ, ರನ್ ಮಾಡದೆ, ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುತ್ತಾ ಜೋರಾಗಿ ಮಾತಾಡಿಕೊಂಡು ಬಿಡಿಸಬೇಕು. ಆಮೇಲೆ ಕೇಳಿಸಿಕೊಂಡು ಅರ್ಧ ನಿಮಿಷ ಮೀರಿದ ಮೌನಗಳನ್ನು ಗುರುತಿಸಬೇಕು. ಮೊದಲ ವಾರ ಕನ್ನಡದಲ್ಲೇ, ಎರಡನೆಯ ವಾರದಿಂದ ಇಂಗ್ಲಿಷಿನಲ್ಲಿ. ಈ ಕ್ರಮವನ್ನು ನಾವು ಬಲವಾಗಿ ಶಿಫಾರಸು ಮಾಡುತ್ತೇವೆ. ತರ್ಕ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ಕಲಿಯಲು ಹೋದವರಿಗೆ ಎರಡೂ ಒಟ್ಟಿಗೆ ಕೈಕೊಡುತ್ತವೆ. ಜೊತೆಗೆ ವಾರಕ್ಕೆರಡು ಸಲ ಗೆಳತಿಯೊಬ್ಬಳು ಸಂದರ್ಶಕಿಯಾಗಿ ಕೂತು, ಬರೆದು ಮುಗಿದ ಕೋಡನ್ನು ಕೆಡಿಸುವ ಪಟ್ಟಿ ಕೊಡಬೇಕು. ಪ್ರಾಜೆಕ್ಟಿಗೆ ತನ್ನ ಮೊಬೈಲಿನಿಂದ ಹೊಲದಲ್ಲಿ ತೆಗೆದ 40 ಚಿತ್ರ ಕೊಟ್ಟು ನೋಡಿದಳು. 17 ಮಾತ್ರ ಸರಿ ಬಂದವು. ರೆಸ್ಯೂಮೆಯಿಂದ 98% ಹೋಯಿತು, ಈ ಸಂಖ್ಯೆ ಬಂತು.

ಮುಂದಿನ ಕಂಪನಿಯಲ್ಲಿ ಕೋಡಿಂಗ್ ಪ್ರಶ್ನೆ ಅವಳಿಗೆ ಪೂರ್ತಿ ಬಿಡಿಸಲಾಗಲಿಲ್ಲ. ಆದರೆ ಎಲ್ಲಿ ಸಿಕ್ಕಿಕೊಂಡಿದ್ದೇನೆ, ಯಾವ ಪಟ್ಟಿಗೆ ತನ್ನ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತದೆ ಎಂದು ತಾನೇ ತೋರಿಸಿದಳು. ಸಂದರ್ಶಕ ಒಂದು ಸುಳಿವು ಕೊಟ್ಟ, ಅಲ್ಲಿಂದ ಮುಂದೆ ಹೋದಳು. 40ಕ್ಕೆ 17 ಎಂಬ ಸಾಲಿನ ಬಗ್ಗೆಯೇ ಹತ್ತು ನಿಮಿಷ ಚರ್ಚೆ ನಡೆಯಿತು. ಆಯ್ಕೆಯಾಯಿತು.

ಆಫರ್ ಪತ್ರದಲ್ಲಿ ವರ್ಷಕ್ಕೆ 4.5 ಲಕ್ಷ ಸಿಟಿಸಿ (ಒಬ್ಬರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದಿತ್ತು. ಹನ್ನೆರಡರಿಂದ ಭಾಗಿಸಿದರೆ 37,500, ಮನೆಯಲ್ಲಿ ಎಲ್ಲರೂ ಅಷ್ಟೇ ಎಂದುಕೊಂಡಿದ್ದರು. ಒಡೆದು ನೋಡಿದರೆ ವೇರಿಯಬಲ್ (ಪ್ರತಿ ತಿಂಗಳು ಖಚಿತವಾಗಿ ಸಿಗದ ಭಾಗ) 45,000, ಕಂಪನಿಯ ಪಿಎಫ್ ಪಾಲು 21,600, ಗ್ರಾಚ್ಯುಟಿ 8,658, ವಿಮೆ 6,000. ಇವನ್ನೆಲ್ಲ ಕಳೆದರೆ ತಿಂಗಳಿಗೆ ಸುಮಾರು 30,728. ಅದರಿಂದ ಅವಳ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು 28,700ರ ಆಸುಪಾಸು. ಬೆಂಗಳೂರಿನಲ್ಲಿ ಪಿಜಿ ಹುಡುಕುವ ಮೊದಲು ಈ ಸಂಖ್ಯೆ ಗೊತ್ತಿರಬೇಕು. ಎರಡು ವರ್ಷದ ಬಾಂಡ್, ಅಂದರೆ ಅದಕ್ಕೂ ಮೊದಲು ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಕರಾರು ಕೂಡ ಇತ್ತು. ಮೊತ್ತ ಎಷ್ಟು, ಅದು ತರಬೇತಿಯ ಅವಧಿಗೂ ಅನ್ವಯಿಸುತ್ತದೆಯೇ, ದಿನ ಕಳೆದಂತೆ ಕಡಿಮೆಯಾಗುತ್ತದೆಯೇ, ಕಂಪನಿಯೇ ಕೆಲಸದಿಂದ ತೆಗೆದರೆ ಏನು ಎಂಬ ನಾಲ್ಕು ಪ್ರಶ್ನೆಗಳನ್ನು ಎಚ್‌ಆರ್‌ಗೆ ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ಪಡೆದಳು. ಅಂಕಪಟ್ಟಿಗಳ ಮೂಲಪ್ರತಿ ತೋರಿಸಿ ವಾಪಸ್ ತೆಗೆದುಕೊಂಡಳು, ಕೊಟ್ಟದ್ದು ನಕಲು ಮಾತ್ರ. ಅರ್ಜಿಯ ಶೇಕಡಾವಾರು ಕಾಲಂನಲ್ಲಿ ಈ ಸಲ 63.5 ಎಂದಿತ್ತು, ದಾಖಲೆ ಪರಿಶೀಲನೆ ಯಾವ ಪ್ರಶ್ನೆಯೂ ಇಲ್ಲದೆ ಮುಗಿಯಿತು.